ಅಟ್ಟಕ್ಕೇರಿದ ಕಲ್ಲಮ್ಮ

ನಮ್ಮೂರಿನ ಯಾವ ಅಂಗಡಿಯಲ್ಲೂ ಸೀಲಿಂಗ್ ಫ್ಯಾನು ಸಿಗುವುದಿಲ್ಲ. ಸೆಕೆಯಾದರೆ ನೆಲದ ಮೇಲೆ ನಿಲ್ಲಿಸುವ ಫ್ಯಾನು, ಅದೂ ಇಲ್ಲದಿದ್ದರೆ ಬೀಸಣಿಗೆ. ಬಸ್ ನಿಲ್ದಾಣದ ಹಿಂದಿರುವ ಮದುವೆ ಛತ್ರ ನನ್ನದು; ಗುಂಡಣ್ಣನ ಛತ್ರ ಎಂದರೆ ಯಾರಾದರೂ ತೋರಿಸುತ್ತಾರೆ. ಅದರ ಚಾವಣಿಗೆ ಉದ್ದಕ್ಕೂ ಹಳೆಯ ಹಾಸಿಗೆಗಳನ್ನು ಕಟ್ಟಿಸಿದ್ದೇನೆ. ಹೊಗಳಿ ಅಟ್ಟಕ್ಕೇರಿಸುವುದು ಎಂದು ಬೇರೆ ಊರುಗಳಲ್ಲಿ ಬರೀ ಬಾಯಿಮಾತಿಗೆ ಹೇಳುತ್ತಾರಂತೆ. ಪುಣ್ಯವಂತರು. ನಮ್ಮಲ್ಲಿ ಹೊಗಳಿದರೆ ಮನುಷ್ಯ ನಿಜವಾಗಿಯೇ ಏರುತ್ತಾನೆ, ಯಾರಾದರೂ ಬೈದು ಇಳಿಸುವ ತನಕ ಅಲ್ಲೇ ಇರುತ್ತಾನೆ.

ಹಾಗಾಗಿ ನಮ್ಮೂರಿನ ಮರ್ಯಾದೆಯೇ ಬೇರೆ. ಮದುವೆ ಊಟ ಮುಗಿಸಿದವರು ಅಡುಗೆಯವನ ಕಡೆ ತಿರುಗಿ, "ಸಾರು ನೀರು ನೀರಾಗಿತ್ತಲ್ಲಯ್ಯಾ" ಎಂದು ಹೇಳಿಯೇ ಕೈತೊಳೆಯಬೇಕು. ಇಲ್ಲವಾದರೆ ಪಾಪ, ಕುದಿಯುವ ಹಂಡೆಯ ಮೇಲೆ ಆತ ತೇಲಾಡುವ ಪರಿಸ್ಥಿತಿ ಬಂದರೆ? ಮಕ್ಕಳನ್ನು ಶಾಲೆಗೆ ಕಳಿಸುವಾಗ ಬಾಗಿಲಲ್ಲಿ ನಿಂತು ನಾಲ್ಕು ಮಾತು ಬೈದು ಕಳಿಸುತ್ತೇವೆ. ಹೆಸರಿಡುವಾಗಲೂ ಎಚ್ಚರ. ಸುಂದರ, ಸುಗುಣ ಎಂಬ ಹೆಸರಿನವರು ಊರಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಗುಂಡಣ್ಣ, ಬಂಡೆಪ್ಪ, ತಿಪ್ಪಮ್ಮ, ಕಲ್ಲಮ್ಮ.

ಈ ಕಥೆ ಆ ಕಲ್ಲಮ್ಮನದೇ. ಮೂವತ್ತರ ಹತ್ತಿರದ ಹುಡುಗಿ, ನಮ್ಮ ಬೀದಿಯ ಕೆಂಚಮ್ಮನ ಒಬ್ಬಳೇ ಮಗಳು. ಹೊರಗೆ ಹೋಗಿ ಕಂಪ್ಯೂಟರ್ ಓದಿ ಬಂದು, ಮನೆಯ ಅಟ್ಟದ ಕೆಳಗೆ ಮೇಜು ಹಾಕಿಕೊಂಡು ಯಾವುದೋ ಕಂಪನಿಗೆ ಕೆಲಸ ಮಾಡುತ್ತಿದ್ದಳು. ಬಿಡುವಿನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಳು. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಕನ್ನಡ ಒತ್ತಕ್ಷರಗಳು ಒಡೆದು ಕೈ ಒಂದು ಕಡೆ ಕಾಲು ಒಂದು ಕಡೆ ಬೀಳುವುದನ್ನು ನೋಡಿರುತ್ತೀರಿ. ಅವು ಒಡೆಯದಂತೆ ಹಿಡಿದಿಡುವ ಪ್ರೋಗ್ರಾಂ ಅದು. ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟಿಯಾಗಿ ಬಿಟ್ಟಿದ್ದಳು. ಎಲ್ಲೆಲ್ಲೋ ಇದ್ದವರು ಬಳಸಿಕೊಂಡರು, ತೆರೆಯ ಮೇಲೆ ಮೆಚ್ಚುಗೆಯ ಒಂದು ನಕ್ಷತ್ರ ಒತ್ತಿ ಹೋದರು. ಆ ನಕ್ಷತ್ರಗಳು ನೂರಾರು ಸೇರಿದರೂ ಕಲ್ಲಮ್ಮ ಕುರ್ಚಿಯಿಂದ ಒಂದು ಕೂದಲೆಳೆಯಷ್ಟೂ ಏಳಲಿಲ್ಲ.

ಏಳಿಸುವವರು ಮನೆಯಲ್ಲಂತೂ ಇರಲಿಲ್ಲ. ಊರಲ್ಲಿ ಯಾರೇ ಮೇಲೆ ಸಿಕ್ಕಿಹಾಕಿಕೊಂಡರೂ ಇಳಿಸಲು ಕೆಂಚಮ್ಮನನ್ನೇ ಕರೆಯುತ್ತಿದ್ದರು. ಅವಳ ನಾಲಿಗೆ ಅಂಥದ್ದು. ತೆಂಗಿನ ಮರದೆತ್ತರ ಹೋದವನನ್ನೂ ಎರಡು ಮಾತಿನಲ್ಲಿ ಅಂಗಳಕ್ಕೆ ಇಳಿಸುತ್ತಿದ್ದಳು. ಆದರೆ ಆಕೆ ಒಮ್ಮೆ, ಮದುವೆಯಾದ ಹೊಸತರಲ್ಲಿ, ಗಂಡನನ್ನು ಹೊಗಳಿದ್ದಳು. ಆತ ರೇಡಿಯೋ ರಿಪೇರಿ ಮಾಡುತ್ತಿದ್ದ. ಹಾಳುಬಿದ್ದ ರೇಡಿಯೋ ಒಂದು ಆತನ ಕೈಯಲ್ಲಿ ಹಾಡಿದಾಗ, ಮಾಳಿಗೆಯ ಮೇಲೆ ಆತನ ಪಕ್ಕದಲ್ಲೇ ಕೂಸನ್ನು ಎತ್ತಿಕೊಂಡು ನಿಂತಿದ್ದ ಕೆಂಚಮ್ಮ, "ನಿಮ್ಮ ಕೈಯಾಗಿನ ಜೀವ ಯಾರ ಕೈಯಾಗೂ ಇಲ್ಲ ಬಿಡಿ" ಎಂದುಬಿಟ್ಟಳು. ಮೇಲೆ ಚಾವಣಿ ಇರಲಿಲ್ಲ. ಬೈಯಬೇಕೆಂದು ಹೊಳೆಯುವಷ್ಟರಲ್ಲಿ ಗಾಳಿ ಆತನನ್ನು ಮೂರು ಊರಾಚೆ ಒಯ್ದಿತ್ತು. ಅಲ್ಲಿ ಯಾರೋ ಒಬ್ಬಾಕೆ, ಒಣಹಾಕಿದ ಹಪ್ಪಳದ ಮೇಲೆ ನೆರಳು ಬೀಳಿಸಿದನೆಂದು ವಾಚಾಮಗೋಚರ ಬೈದು ಇಳಿಸಿಕೊಂಡಳಂತೆ. ಇಳಿಸಿದವರಿಗೇ ವಸ್ತು ಎಂಬ ನ್ಯಾಯದಂತೆ ಆತ ಅಲ್ಲಿಯೇ ಉಳಿದ. ಅವತ್ತಿನಿಂದ ಕೆಂಚಮ್ಮನ ಬಾಯಲ್ಲಿ ಒಳ್ಳೆಯ ಮಾತು ಎಂಬುದು ಬಂದದ್ದನ್ನು ಯಾರೂ ಕೇಳಿಲ್ಲ. ಮಗಳು ತರಗತಿಗೆ ಮೊದಲು ಬಂದಾಗಲೂ, "ಮಿಕ್ಕೋರೆಲ್ಲ ನಿನಗಿಂತ ದಡ್ಡರೇನೇ? ಅದೆಂಥ ಸ್ಕೂಲೇ ಅದು" ಎಂದೇ ಹೇಳಿದಳು.

ಕಲ್ಲಮ್ಮನಿಗೆ ಒಂದೇ ಒಂದು ಆಸೆ ಬಲಿಯುತ್ತಾ ಹೋಯಿತು. ಜೀವನದಲ್ಲಿ ಒಂದು ಸಲ ಏರಬೇಕು. ಎತ್ತರ ಬೇಡ, ಒಂದು ಗೇಣು ಸಾಕು. ಇಂಟರ್‌ನೆಟ್ಟಿನಲ್ಲಿ ಪ್ರೋಗ್ರಾಮರ್‌ಗಳ ಸಮಾವೇಶಗಳ ವಿಡಿಯೋ ನೋಡುತ್ತಿದ್ದಳು. ಅಲ್ಲಿ ಎಲ್ಲರೂ ಎಲ್ಲರಿಗೂ ಅದ್ಭುತ, ಅಮೋಘ ಎನ್ನುತ್ತಿದ್ದರು. ಅಂಥ ಸಮುದಾಯ ನಮ್ಮೂರಿಗೆ ಬಂದರೆ ತನಗೂ ಎರಡು ಹನಿ ಬಿದ್ದೀತು ಎಂದು ಲೆಕ್ಕ ಹಾಕಿ, ಅವರ ಮುಖ್ಯಸ್ಥನಿಗೆ ಊರಿನ ಗುಣವನ್ನೂ ತಿಳಿಸಿ ಬರೆದಳು. ಆತ ಮಾರನೆಯ ದಿನವೇ ಒಪ್ಪಿದ. ಒತ್ತಕ್ಷರದ ಮೇಲಿನ ಪ್ರೀತಿಯಿಂದ ಒಪ್ಪಿದ ಎಂದುಕೊಂಡವಳು ಕಲ್ಲಮ್ಮ ಒಬ್ಬಳೇ. ಭಾಷಣಕಾರರು ಗಾಳಿಯಲ್ಲಿ ತೇಲುವ ಫೋಟೋ ಪೋಸ್ಟರಿಗೆ ಬಹಳ ಚೆನ್ನಾಗಿ ಬರುತ್ತದೆ ಎಂಬುದು ಆತನ ಲೆಕ್ಕ. ಸಮಾವೇಶಕ್ಕೆ "ಮೇಲೇರೋಣ" ಎಂದು ಹೆಸರಿಟ್ಟ.

ಆತನ ಹೆಸರು ಪ್ರಣೀತ್. ಸಮಾವೇಶದ ಹಿಂದಿನ ದಿನ ತನ್ನ ತಂಡದ ಜೊತೆ ಬಂದಿಳಿದ. ಕೊರಳಲ್ಲಿ ಹೆಸರಿನ ಪಟ್ಟಿ, ಲ್ಯಾಪ್‌ಟಾಪಿನ ಬೆನ್ನ ಮೇಲೆ ಜಾಗವಿಲ್ಲದಂತೆ ಅಂಟಿಸಿದ ಚಿತ್ರಗಳು. ಛತ್ರದೊಳಗೆ ಕಾಲಿಟ್ಟವನೇ ನನ್ನ ಕೈ ಹಿಡಿದು ಕುಲುಕಿದ.

"ಗುಂಡಣ್ಣ ಸರ್, ಅಮೇಜಿಂಗ್ ಜಾಗ! ನಿಮ್ಮಂಥೋರು ಸಿಕ್ಕಿದ್ದು ನಮ್ಮ ಅದೃಷ್ಟ. ನಿಜವಾಗ್ಲೂ ಯು ಆರ್ ಎ ಸ್ಟಾರ್."

ನಾನು ಹೌಹಾರಿ ಕಂಬವನ್ನು ತಬ್ಬಿಕೊಂಡೆ. ಕಣ್ಣುಮುಚ್ಚಿ ಕಾದೆ. ಏನೂ ಆಗಲಿಲ್ಲ. ಕಾಲು ನೆಲದ ಮೇಲೆಯೇ ಇತ್ತು. ಇಂಗ್ಲಿಷ್ ಬೆರೆಸಿ ಹೊಗಳಿದರೆ ಕೆಲಸ ಮಾಡುವುದಿಲ್ಲವೇನೋ ಎಂದುಕೊಂಡು ಕಂಬ ಬಿಟ್ಟೆ. ಪ್ರಣೀತ್ ಅಷ್ಟರಲ್ಲಿ ಅಡುಗೆಯ ದ್ಯಾವಣ್ಣನಿಗೂ, ಬಾಗಿಲಲ್ಲಿ ಮಲಗಿದ್ದ ನಾಯಿಗೂ ಅದೇ ಮಾತು ಹೇಳಿ ಮುಂದೆ ಹೋಗಿದ್ದ.

ಅವರದ್ದೊಂದು ನಿಯಮಾವಳಿ ಇತ್ತು. ಅದನ್ನು ಬಟ್ಟೆಯ ಮೇಲೆ ಬರೆಸಿ ವೇದಿಕೆಯ ಹಿಂದೆ ಕಟ್ಟಿದರು. ಇಲ್ಲಿ ಯಾರೂ ಯಾರನ್ನೂ ನೋಯಿಸುವ ಮಾತಾಡಬಾರದು, ಯಾವ ಪ್ರಶ್ನೆಯೂ ದಡ್ಡ ಪ್ರಶ್ನೆಯಲ್ಲ, ಯಾವ ಕೆಲಸವೂ ಕೆಟ್ಟ ಕೆಲಸವಲ್ಲ, ಎಲ್ಲರೂ ಎಲ್ಲರನ್ನೂ ಪ್ರೋತ್ಸಾಹಿಸಬೇಕು. ಅದನ್ನು ಓದಿ ನಮ್ಮೂರಿನ ಹಿರಿಯರು ಮನೆಗೆ ಹೋಗಿ ಹಗ್ಗ ತಂದರು.

ಎಡವಟ್ಟಾದದ್ದು ಅಂದೇ ಸಂಜೆ. ಬಂದವರಿಗೆ ಊರಿನ ಪರವಾಗಿ ಮಜ್ಜಿಗೆ ಕೊಡಲು ಕೆಂಚಮ್ಮ ತನ್ನ ಹಿತ್ತಾಳೆ ಕೊಡಪಾನ ಹೊತ್ತು ಛತ್ರದ ಬಾಗಿಲಲ್ಲಿ ನಿಂತಿದ್ದಳು. ಬಸ್ಸಿಳಿದು ಬಂದ ಮೊದಲನೆಯ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಊರಿನ ಪದ್ಧತಿಯಂತೆ ಅಕ್ಕರೆಯಿಂದ ಸ್ವಾಗತಿಸಿದಳು.

"ಏನಪ್ಪಾ, ಹೊಟ್ಟೆ ನೋಡಿದ್ರೆ ಕೊಡ ಇಟ್ಟಂಗೈತೆ, ಬುದ್ಧಿ ನೋಡಿದ್ರೆ ಚೊಂಬು ಬೋರಲು ಹಾಕಿದಂಗೈತೆ. ಬಾ, ಮಜ್ಜಿಗೆ ಕುಡಿ."

ಹುಡುಗ ಅಲ್ಲೇ ಕುಸಿದು ಅಳತೊಡಗಿದ. ಪ್ರಣೀತ್ ಓಡಿ ಬಂದ. ಕಲ್ಲಮ್ಮನನ್ನು ಪಕ್ಕಕ್ಕೆ ಕರೆದ. ನಾನು ಕುರ್ಚಿ ಜೋಡಿಸುವ ನೆಪದಲ್ಲಿ ಹತ್ತಿರವೇ ಇದ್ದೆ.

"ನೋಡಿ ಕಲ್ಲಮ್ಮ, ನೀವು ತುಂಬಾ ಟ್ಯಾಲೆಂಟೆಡ್. ಆದ್ರೆ ನಿಮ್ಮ ತಾಯಿ ನಮ್ಮ ಸಮುದಾಯಕ್ಕೆ ಸೇಫ್ ಅಲ್ಲ. ಎರಡು ದಿನ ಅವ್ರು ಒಳಗೆ ಬರಬಾರ್ದು. ಇನ್ನೊಂದು, ನಿಮ್ಮ ಪ್ರೋಗ್ರಾಂ ನೋಡ್ದೆ. ಯಾರಾದ್ರೂ ತಪ್ಪು ಮಾಡಿದ್ರೆ ಅದು 'ಕಣ್ಣು ಎಲ್ಲಿಟ್ಕೊಂಡಿದೀಯಾ? ಫೈಲು ಖಾಲಿ ಇದೆ' ಅಂತ ತೋರಿಸುತ್ತೆ. ಇದು ಹಿಂಸೆ ಆಗುತ್ತೆ. ಬದಲಾಯಿಸಿ. ಇಲ್ಲಾಂದ್ರೆ ನಿಮ್ಮ ಭಾಷಣ ಇಡೋಕಾಗಲ್ಲ."

ಕಲ್ಲಮ್ಮನಿಗೆ ಆ ಬೈಗುಳದಲ್ಲಿ ಹಿಂಸೆ ಕಂಡಿರಲೇ ಇಲ್ಲ. ಪ್ರೋಗ್ರಾಂ ಬಳಸುವವರ ಬಗ್ಗೆ ತನಗಿದ್ದ ಕಾಳಜಿಯನ್ನು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಬರೆದಿದ್ದಳು. ಆದರೆ ಭಾಷಣ ಹೋಗುತ್ತದೆ ಎಂದಾಗ ಪ್ರೋಗ್ರಾಂ ಬದಲಾಯಿಸುತ್ತೇನೆ ಎಂದಳು. ಬಾಗಿಲಿಗೆ ಹೋಗಿ ತಾಯಿಯ ಮುಂದೆ ನಿಂತಳು.

"ಅಮ್ಮಾ, ಎರಡು ದಿನ ಈ ಕಡೆ ಬರಬೇಡ."

"ಯಾಕೇ?"

"ಬರಬೇಡ ಅಂದೆ ಅಷ್ಟೇ. ಬಂದೋರೆಲ್ಲ ದೊಡ್ಡ ಜನ. ನೀನು ಬಾಯಿ ಬಿಟ್ರೆ ನಂಗೆ ತಲೆ ಎತ್ತಕ್ಕಾಗಲ್ಲ."

ಅದಕ್ಕೆ ಕೆಂಚಮ್ಮ ಒಂದು ಮೂಟೆ ಬೈಯುತ್ತಾಳೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಆಕೆ ಕೊಡಪಾನವನ್ನು ಅಲ್ಲೇ ಜಗಲಿಯ ಮೇಲಿಟ್ಟು, ಸೆರಗು ಸರಿಪಡಿಸಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಛತ್ರ ತುಂಬಿತು. ಒಳಗೆ ಸಮುದಾಯ, ಹೊರಗೆ ಕಿಟಕಿಗಳಲ್ಲಿ ನಮ್ಮೂರಿನವರು. ಕೆಲವರ ಕೈಯಲ್ಲಿ ಹಗ್ಗ, ಕೆಲವರ ಕೈಯಲ್ಲಿ ತೆಂಗಿನಕಾಯಿ ಕೀಳುವ ದೋಟಿ. ಚಾವಣಿಯ ಹಾಸಿಗೆಗಳನ್ನು ನಾನು ಮತ್ತೊಮ್ಮೆ ಬಿಗಿಸಿದ್ದೆ. ವೈಫೈ ಮಾತ್ರ ಕೈಕೊಟ್ಟಿತ್ತು. ಜಗತ್ತಿನ ಮಾಹಿತಿಯನ್ನೆಲ್ಲ ಬೆರಳ ತುದಿಗೆ ತಂದವರೆಲ್ಲ ಮೊಬೈಲನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಆರತಿ ಬೆಳಗುವವರಂತೆ ಓಡಾಡುತ್ತಿದ್ದರು.

ಪ್ರಣೀತ್ ಮುಖ್ಯ ಭಾಷಣಕಾರನನ್ನು ಪರಿಚಯಿಸಿದ. ಅಂಥ ಹೊಗಳಿಕೆಯನ್ನು ನಾನು ಇಡೀ ಜೀವಮಾನದಲ್ಲಿ ಕೇಳಿಲ್ಲ. ದಾರ್ಶನಿಕ ಎಂದ, ಒಂದು ತಲೆಮಾರಿನ ಸ್ಫೂರ್ತಿ ಎಂದ, ಇವರಿಲ್ಲದಿದ್ದರೆ ನಾವ್ಯಾರೂ ಇಲ್ಲ ಎಂದ. ಕಿಟಕಿಯಲ್ಲಿದ್ದ ಮುದುಕಿಯರು "ಅಯ್ಯೋ ಶಿವನೇ, ಸಾಕು ನಿಲ್ಸೋ, ಆ ತಾಯಿ ಹೆತ್ತ ಮಗ ಹೋಗ್ಬಿಡ್ತಾನೆ" ಎಂದು ಕಣ್ಣು ಮುಚ್ಚಿಕೊಂಡರು. ಫೋಟೋ ತೆಗೆಯುವವರು ಮಂಡಿಯೂರಿ ಕ್ಯಾಮೆರಾ ಮೇಲಕ್ಕೆ ತಿರುಗಿಸಿದರು. ಚಪ್ಪಾಳೆ ಬಿದ್ದವು. ಭಾಷಣಕಾರ ಕಾಲ್ಬೆರಳ ಮೇಲೆ ನಿಂತ.

ಅಲ್ಲೇ ನಿಂತ. ನೆಟ್ಟ ಮೈಲಿಗಲ್ಲಿನ ಹಾಗೆ.

ಮುಂದಿನವನನ್ನೂ ಹೊಗಳಿದರು. ಅವನೂ ಏಳಲಿಲ್ಲ. ಆಮೇಲೆ ಪ್ರಾಯೋಜಕರನ್ನು, ಸ್ವಯಂಸೇವಕರನ್ನು, ಒಬ್ಬರನ್ನೊಬ್ಬರು ಹೊಗಳಿದರು; ಕೊನೆಗೆ ಕೂತವರೆಲ್ಲ ಎದ್ದು ನಿಂತು ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಛತ್ರದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೊಗಳಿಕೆ ತುಂಬಿತ್ತು, ಆದರೆ ಒಂದು ಜೊತೆ ಚಪ್ಪಲಿಯೂ ನೆಲ ಬಿಡಲಿಲ್ಲ. ಪ್ರಣೀತ್ ಬೆವರುತ್ತಾ ನನ್ನ ಬಳಿ ಬಂದ.

"ಸರ್, ನಿಮ್ಮ ಛತ್ರದಲ್ಲೇ ಏನೋ ಪ್ರಾಬ್ಲಂ ಇದೆ. ಕೆಲಸ ಮಾಡ್ತಿಲ್ಲ."

ನನಗೂ ಹೆದರಿಕೆಯಾಯಿತು. ಊರಿನ ಗುಣವೇ ಕೆಟ್ಟುಹೋಯಿತೋ ಏನೋ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ದ್ಯಾವಣ್ಣ ಸೌಟು ಹಿಡಿದು ನಿಂತಿದ್ದ. ಇಪ್ಪತ್ತು ವರ್ಷದಿಂದ ಹೇಳದೆ ನುಂಗಿಕೊಂಡಿದ್ದನ್ನು ಮೆಲ್ಲಗೆ ಹೇಳಿದೆ: "ದ್ಯಾವಣ್ಣ, ನಿನ್ನ ಬದನೇಕಾಯಿ ಎಣ್ಣೆಗಾಯಿ ಐತಲ್ಲ, ಅದರ ರುಚಿಗೋಸ್ಕರ ನಾನು ಯಾರ್ಯಾರದೋ ಮದುವೆ ಊಟಕ್ಕೆ ಎರಡನೇ ಪಂಕ್ತಿಗೂ ಕೂತಿದೀನಿ ಕಣಯ್ಯಾ." ದ್ಯಾವಣ್ಣ ಸೌಟಿನ ಸಮೇತ ಸೊಂಯ್ ಎಂದು ಎದ್ದು ಪಾತ್ರೆ ಜೋಡಿಸುವ ಅಟ್ಟಣಿಗೆಗೆ ತಲೆ ಬಡಿಸಿಕೊಂಡ. "ಆದ್ರೆ ಇವತ್ತು ಅನ್ನ ಮುದ್ದೆ ಮಾಡಿದೀಯ" ಎಂದು ಅವಸರದಲ್ಲಿ ಸೇರಿಸಿದೆ. ಇಳಿದ.

ಕೆಟ್ಟಿದ್ದು ನಮ್ಮೂರಲ್ಲ ಎಂದು ಸಮಾಧಾನವಾಯಿತು. ಪ್ರಣೀತನಿಗೆ ಇದನ್ನು ಹೇಗೆ ಹೇಳುವುದು? ಹೇಳುವ ಅಗತ್ಯವೂ ಬೀಳಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಅವರು ಪರಿಹಾರ ಕಂಡುಕೊಂಡಿದ್ದರು. ಭಾಷಣಕಾರರನ್ನು ಒಬ್ಬೊಬ್ಬರಾಗಿ ನನ್ನ ಕುರ್ಚಿಗಳ ಮೇಲಿಂದ ಹಾರಿಸಿ, ಬೀಳುವ ಮೊದಲು ಫೋಟೋ ತೆಗೆಯುತ್ತಿದ್ದರು. ಪೋಸ್ಟರಿಗೆ ಸಾಕು. ಹಗ್ಗ ತಂದ ಹಿರಿಯರು ಮನೆಗೆ ಹೋಗಿ ಎಮ್ಮೆ ಕಟ್ಟಿದರು.

ಕಲ್ಲಮ್ಮ ಅಂದು ನೀರಿನ ಕ್ಯಾನು, ಹೆಸರಿನ ಪಟ್ಟಿ, ಕೆಟ್ಟ ಮೈಕು ಎಂದು ಓಡಾಡಿಯೇ ದಿನ ಕಳೆದಳು. ಹಾದುಹೋದವರೆಲ್ಲ "ಕಲ್ಲಮ್ಮ, ನೀವು ಸೂಪರ್" ಎನ್ನುತ್ತಿದ್ದರು. ಪ್ರತಿ ಸಲವೂ ಅವಳು ಒಂದು ಕ್ಷಣ ನಿಂತು ತನ್ನ ಪಾದಗಳನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದಳು.

"ಗುಂಡಣ್ಣ ಮಾವ, ನನ್ನಲ್ಲೇ ಏನೋ ಐಬು ಇರಬೇಕಲ್ವಾ? ಇಷ್ಟು ಜನ ಹೇಳಿದ್ರೂ ಏಳಲಿಲ್ಲ."

"ಅವರ್ಯಾರೂ ಎದ್ದಿಲ್ಲವಲ್ಲಮ್ಮ."

"ಅವರಿಗೆ ಏಳದೇ ಇದ್ರೂ ನಡೆಯುತ್ತೆ ಮಾವ" ಎಂದಳು.

ಎರಡನೆಯ ದಿನ ಅವಳ ಭಾಷಣ. ಊಟವಾದ ತಕ್ಷಣದ ಹೊತ್ತನ್ನು ಕೊಟ್ಟಿದ್ದರು. ಆ ಹೊತ್ತಿನಲ್ಲಿ ದೇವರು ಬಂದು ಮಾತಾಡಿದರೂ ಜನ ಆಕಳಿಸುತ್ತಾರೆ. ಜಾಗವೂ ದೊಡ್ಡ ಸಭಾಂಗಣವಲ್ಲ, ಊಟದ ಮನೆ. ಎಲೆ ಎತ್ತಿ, ನೆಲ ಒರೆಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ ಕೊಟ್ಟೆ. ಊಟದ ಮನೆಗೆ ತಗಡಿನ ಸೂರು. ಅಡುಗೆಮನೆಯ ಹೊಗೆ ಹೊರಹೋಗಲೆಂದು ಆ ಕಡೆಯ ಸೂರಿನಲ್ಲಿ ಒಂದು ಗಾಡಿಯಗಲ ಬಾಯಿ ಬಿಟ್ಟಿದೆ. ಅಲ್ಲಿ ಹಾಸಿಗೆ ಕಟ್ಟಿಸಿರಲಿಲ್ಲ. ಹೊಗಳಿಕೆಯ ಭಾಷಣಗಳೆಲ್ಲ ಸಭಾಂಗಣದಲ್ಲೇ ಮುಗಿಯುತ್ತವೆ, ಊಟದ ಮನೆಯಲ್ಲಿ ಯಾರಿಗೆ ಏನಾದೀತು ಎಂದುಕೊಂಡಿದ್ದೆ.

ಕೇಳಲು ಬಂದವರು ಬೆರಳೆಣಿಕೆಯಷ್ಟು. ಅರ್ಧ ಜನ ತಮ್ಮ ಲ್ಯಾಪ್‌ಟಾಪಿನಲ್ಲಿ ತಮ್ಮ ಕೆಲಸ ಮಾಡುತ್ತಿದ್ದರು, ಇನ್ನರ್ಧ ಜನ ನಿದ್ದೆ. ಕಲ್ಲಮ್ಮ ಒತ್ತಕ್ಷರಗಳ ಬಗ್ಗೆ ಹೇಳಿದಳು. ಕಾಗದ ನೋಡಿಕೊಂಡೇ ಓದುತ್ತಿದ್ದಳು. 'ರಾಷ್ಟ್ರ' ಎಂಬ ಪದ ಸಾಲಿನ ತುದಿಯಲ್ಲಿ ಹೇಗೆ ಚೂರಾಗುತ್ತದೆ, ಅದನ್ನು ಎಲ್ಲಿ ಹಿಡಿಯಬೇಕು ಎಂದು ತೋರಿಸುವಾಗ ಮಾತ್ರ ಕಾಗದ ಕೆಳಗಿಟ್ಟಳು. ಮುಗಿಸಿದಾಗ ಎಚ್ಚರವಿದ್ದವರು ಚಪ್ಪಾಳೆ ತಟ್ಟಿದರು, ಆ ಸದ್ದಿಗೆ ಎದ್ದವರು "ಅಮೇಜಿಂಗ್" ಎಂದರು. ಅವಳು ಪಾದ ನೋಡಿಕೊಳ್ಳಲಿಲ್ಲ. ಆ ಅಭ್ಯಾಸ ಅಷ್ಟೊತ್ತಿಗೆ ಬಿಟ್ಟುಹೋಗಿತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಎದ್ದು ನಿಂತ. ಲೋಬೋ ಎಂದು ಹೆಸರು, ಕರಾವಳಿಯ ಕಡೆಯವನು. ಯಾವ ಸಮಾವೇಶಕ್ಕೆ ಹೋದರೂ ತಪ್ಪು ಹುಡುಕುತ್ತಾನೆಂದು ಪ್ರಣೀತನ ತಂಡ ಆತನ ಕೈಗೆ ಮೈಕು ಸಿಗದಂತೆ ಎರಡು ದಿನದಿಂದ ನೋಡಿಕೊಂಡಿತ್ತು. ಊಟದ ಮನೆಯಲ್ಲಿ ಮೈಕಿನ ಅಗತ್ಯವಿರಲಿಲ್ಲ.

"ಇದು ಪ್ರಶ್ನೆ ಅಲ್ಲ" ಎಂದ. ಕೇಳಿದವರೆಲ್ಲ ನಿಟ್ಟುಸಿರು ಬಿಟ್ಟರು. "ನಿನ್ನೆ ರಾತ್ರಿ ನೀವು ಎಂತ ಮಾಡಿದ್ದು ಮಾರಾಯ್ರೆ? ಮೊದಲು ನಿಮ್ಮ ಪ್ರೋಗ್ರಾಂ 'ಫೈಲು ಖಾಲಿ ಇದೆ' ಅಂತ ಬೈದು ಹೇಳ್ತಿತ್ತು. ಈಗ 'ಚಿಂತೆ ಬೇಡ, ಏನೋ ಸಣ್ಣ ತೊಂದರೆಯಾಗಿದೆ' ಅಂತ ಹೇಳ್ತದೆ. ಎಂತ ತೊಂದರೆ ಅಂತ ಹೇಳುದಿಲ್ಲ. ನನಗೆ ಸಮಾಧಾನ ಬೇಡ, ತಪ್ಪು ಎಲ್ಲುಂಟು ಅಂತ ಬೇಕು."

"ಸಾರಿ ಸರ್" ಎಂದಳು ಕಲ್ಲಮ್ಮ, ತಲೆ ತಗ್ಗಿಸಿ.

"ಮುಗೀಲಿಲ್ಲ. ನಾನು ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುದು. ಮದ್ದಿನ ಬಾಟ್ಲಿ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸ್ತೇವೆ. ಮೊದಲು ಅಕ್ಷರ ಒಡೀತಿತ್ತು. ಅಜ್ಜಿಯಂದಿರು ಅದನ್ನು ಓದ್ಲಿಕ್ಕಾಗದೆ ಬೆಳಗ್ಗಿನ ಮದ್ದು ರಾತ್ರಿ ಕುಡೀತಿದ್ರು. ನನಗೆ ನಿದ್ರೆ ಇರ್ಲಿಲ್ಲ. ನಿಮ್ಮ ಪ್ರೋಗ್ರಾಂ ಹಾಕಿದ ಮೇಲೆ ಮೂರು ವರ್ಷ ಆಯ್ತು, ಒಂದು ದಿನವೂ ಅದರ ನೆನಪೇ ಆಗ್ಲಿಲ್ಲ ನನಗೆ. ಒಂದು ದಿನವೂ. ಅಂಥಾದ್ದು ಬರೀಲಿಕ್ಕೆ ನನಗೆ ನಲವತ್ತು ವರ್ಷದಲ್ಲಿ ಆಗ್ಲಿಲ್ಲ. ಅದನ್ನು ಹೇಳುವ ಅಂತಲೇ ಬಸ್ಸು ಹಿಡಿದು ಬಂದದ್ದು."

ಕಲ್ಲಮ್ಮನ ಕಾಲ್ಗೆಜ್ಜೆ ನೆಲಕ್ಕೆ ತಾಗಿ ಝಲ್ ಎಂದದ್ದು ಕೇಳಿಸಿತು. ಆಮೇಲೆ ಅವಳು ನೆಲದ ಮೇಲಿರಲಿಲ್ಲ. ನೀರಿನಲ್ಲಿ ಬೆಂಡು ಏಳುವ ಹಾಗೆ ಎದ್ದಳು. ಒಂದು ಗೇಣು, ಒಂದು ಮಾರು, ಮೇಜಿನಿಂದ ಮೇಲೆ, ಬಾಗಿಲಿನಿಂದ ಮೇಲೆ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ತಗಡಿಗೆ ತಲೆ ತಾಗಿದಾಗ ನಕ್ಕಳು. ಆ ನಗು ಮುಗಿಯುವ ಮೊದಲೇ ಅಡುಗೆಮನೆಯ ಬಿಸಿಗಾಳಿ ಅವಳನ್ನು ಮೆಲ್ಲಗೆ ಹೊಗೆಯ ಬಾಯಿಯ ಕಡೆ ಎಳೆಯತೊಡಗಿತು. ಆ ಬಾಯಿಯ ಅಂಚಿನಲ್ಲಿ ತಗಡು ಹೊತ್ತಿದ್ದ ಕಬ್ಬಿಣದ ಪೈಪನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಾಲುಗಳು ಆಕಾಶದ ಕಡೆ ಹೊರಳಿದವು.

ಸುದ್ದಿ ಹಬ್ಬಿ ಇಡೀ ಸಮುದಾಯ ಊಟದ ಮನೆಗೆ ನುಗ್ಗಿತು. ಪ್ರಣೀತ್ ಏದುಸಿರು ಬಿಡುತ್ತಾ, "ಹಾಗೇ ಇರಿ ಕಲ್ಲಮ್ಮ, ಕದಲಬೇಡಿ! ಕ್ಯಾಮೆರಾ ಎಲ್ಲಿ? ಎಲ್ಲರೂ ಹೊಗಳಿ, ಇನ್ನೂ ಹೊಗಳಿ!" ಎಂದ. ಅವರೆಲ್ಲ ಒಟ್ಟಿಗೆ ಹೊಗಳಿದರು. ದೇವರ ದಯೆ, ಅದರಿಂದ ಅವಳಿಗೆ ಏನೂ ಅಪಾಯವಾಗಲಿಲ್ಲ.

"ಹೊಗಳಬೇಡ್ರೋ, ಬೈಯ್ರೋ!" ಎಂದು ನಾನು ಕೂಗಿಕೊಂಡೆ. "ಆ ಹುಡುಗಿ ಕೈ ಬಿಟ್ರೆ ಹೋಗ್ಬಿಡ್ತಾಳೆ!"

ಸಮುದಾಯ ಮುಖ ಮುಖ ನೋಡಿಕೊಂಡಿತು. ಕೊನೆಗೆ ಒಬ್ಬ ಧೈರ್ಯ ಮಾಡಿ ಬಾಯಿ ತೆರೆದ. "ಕಲ್ಲಮ್ಮ, ನಿಮ್ಮ ಸ್ಲೈಡುಗಳು ತುಂಬಾ ಚೆನ್ನಾಗಿದ್ವು. ಬಣ್ಣ ಮಾತ್ರ ಸ್ವಲ್ಪ ಬೇರೆ ಇರಬಹುದಿತ್ತೇನೋ. ಒಟ್ಟಾರೆ ಅದ್ಭುತ." ಕಲ್ಲಮ್ಮ ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಲೋಬೋ ಮುಂದೆ ಬಂದು, "ಆ ಸಮಾಧಾನದ ಸಾಲು ಬರೆದದ್ದು ಶುದ್ಧ ಬೋಳೆತನ, ಪೆದ್ದುತನ!" ಎಂದು ಗದರಿದ. ಅವಳು ಒಂದು ಮೊಳ ಇಳಿದಳು. ಎಲ್ಲರೂ ಉಸಿರು ಬಿಟ್ಟೆವು. ಆದರೆ ಆತ ಹೊಟ್ಟೆಯಲ್ಲಿದ್ದದ್ದನ್ನು ತಡೆಯಲಾರದೆ, "ಆದರೂ ಒಳಗಿನ ಕೆಲಸ ಉಂಟಲ್ಲ…" ಎಂದ. ಎರಡು ಮೊಳ ಮೇಲೆ ಹೋದಳು. ನಾನು ಓಡಿ ಆತನ ಬಾಯಿ ಮುಚ್ಚಿದೆ. ದ್ಯಾವಣ್ಣನನ್ನು ಕೆಂಚಮ್ಮನ ಮನೆಗೆ ಓಡಿಸಿದೆ.

ಕೆಂಚಮ್ಮ ಬರಿಗಾಲಲ್ಲಿ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಒಳಗೆ ಬರಬೇಡ ಎಂದಿದ್ದ ಬಾಗಿಲದು. ಪ್ರಣೀತ್ ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಕೆ ಮಗಳ ನೇರ ಕೆಳಗೆ ನಿಂತು, ಸೊಂಟಕ್ಕೆ ಕೈಯಿಟ್ಟು, ಶುರುಮಾಡಿದಳು.

"ಲೇ ಕತ್ತೆ! ಕೋತಿ! ಸೋಮಾರಿ ಬಡ್ಡೆತ್ತದೇ! ತಲೆಯಾಗೆ ಮಿದುಳೈತೋ ಮಣ್ಣೈತೋ? ದಿನಾ ಒಂದು ತಟ್ಟೆ ತೊಳೆಯೋ ಯೋಗ್ಯತೆ ಇಲ್ಲ, ಮೇಲೆ ಹಾರ್ತಾಳಂತೆ ಮೇಲೆ! ಇಳಿಯೇ ಕೆಳಕ್ಕೆ!"

ಆ ಮಾತಿನ ಬಿರುಸಿಗೆ ಸಮುದಾಯದ ಎಷ್ಟೋ ಜನ ಗೋಡೆಗೆ ಒರಗಿದರು. ಕಲ್ಲಮ್ಮ ಒಂದಂಗುಲವೂ ಇಳಿಯಲಿಲ್ಲ.

ಕೆಂಚಮ್ಮ ಮತ್ತೆ ಬೈದಳು. ತನಗೆ ಗೊತ್ತಿದ್ದದ್ದನ್ನೆಲ್ಲ ಬೈದಳು. ತೆಂಗಿನ ಮರದೆತ್ತರದಿಂದ ಗಂಡಸರನ್ನು ಇಳಿಸಿದ ನಾಲಿಗೆ ಅದು. ಮಗಳ ಮುಂದೆ ಅದು ಗಾಳಿಗೆ ಹೊಡೆದ ಕೋಲಾಯಿತು. ಕೊನೆಗೆ ಮಾತು ತೀರಿ ಆಕೆ ಬಾಯಿ ತೆರೆದುಕೊಂಡೇ ನಿಂತಳು. ಏನಾಗುತ್ತಿದೆ ಎಂದು ನನಗೆ ಹೊಳೆಯಿತು, ಅವಳಿಗೂ ಹೊಳೆಯಿತು, ಮೇಲಿದ್ದವಳಿಗೆ ಎಲ್ಲರಿಗಿಂತ ಮೊದಲೇ ಹೊಳೆದಿತ್ತು.

"ಅಮ್ಮಾ" ಎಂದಳು ಕಲ್ಲಮ್ಮ. ದನಿಯಲ್ಲಿ ಸಿಟ್ಟಿತ್ತು. "ಇಷ್ಟು ವರ್ಷ ಬೈದಿದ್ದೆಲ್ಲಾ ಸುಳ್ಳೇನಮ್ಮಾ? ಒಂದೂ ನಿಜ ಅಲ್ವಾ?"

ಕೆಂಚಮ್ಮ ನಿಜ ಅಲ್ಲ ಎಂದರೂ ಸಾಕಿತ್ತು, ಅದೇ ಹೊಗಳಿಕೆಯಾಗಿ ಮಗಳ ಕೈ ಜಾರುತ್ತಿತ್ತು. ಆಕೆ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

"ನಾನು ದಡ್ಡಿ ಅಂತಲೇ ನಂಬಿದ್ದೆ ಕಣಮ್ಮಾ. ಅದಕ್ಕೇ ಇವರನ್ನೆಲ್ಲ ಕರೆಸಿದ್ದು. ಅದಕ್ಕೇ ನಿನ್ನ ಬರಬೇಡ ಅಂದಿದ್ದು."

ಪೈಪಿನ ಮೇಲೆ ಅವಳ ಬೆರಳುಗಳು ಒಂದೊಂದಾಗಿ ಸಡಿಲುತ್ತಿದ್ದವು. ಕೆಂಚಮ್ಮ ಬಾಯಿಂದ ಕೈ ತೆಗೆದಳು. ಈ ಸಲ ಸೊಂಟಕ್ಕೆ ಕೈಯಿಡಲಿಲ್ಲ, ದನಿಯೆತ್ತಲಿಲ್ಲ. ಹಿಂದೆ ನಿಂತವರಿಗೆ ಕೇಳಿಸದಷ್ಟು ಮೆತ್ತಗೆ ಹೇಳಿದಳು.

"ನೀನು ನನ್ನ ಬರಬೇಡ ಅಂದಿದ್ದು ತಪ್ಪು ಕಲ್ಲೀ. ಮಜ್ಜಿಗೆ ಹೊತ್ಕೊಂಡು ಬಂದಿದ್ದೆ ನಾನು. ಅವರೆಲ್ಲರ ಮುಂದೆ ನನ್ನ ಕಂಡ್ರೆ ನಾಚಿಕೆ ಅಂದಂಗೆ ಅಂದೆ. ಎರಡು ದಿನದಿಂದ ಊಟ ಸೇರ್ತಿಲ್ಲ ನಂಗೆ. ಅದು ತಪ್ಪು."

ಒಂದೂ ಬೈಗುಳದ ಪದವಿರಲಿಲ್ಲ ಅದರಲ್ಲಿ. ಕಲ್ಲಮ್ಮ ಕಲ್ಲು ಬಿದ್ದ ಹಾಗೆ ಬಿದ್ದಳು. ಕೆಳಗಿದ್ದ ತಾಯಿಯ ಮೇಲೆಯೇ ಬಿದ್ದಳು. ಇಬ್ಬರೂ ಉರುಳಿ ಒರೆಸಿದ ನೆಲದ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದಿದ್ದರು. ಕೆಂಚಮ್ಮನ ಮೊಣಕೈ ತರಚಿತ್ತು. ಕಲ್ಲಮ್ಮ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಎಷ್ಟು ಹೊತ್ತಾದರೂ ಕೆಂಚಮ್ಮ ಅವಳ ಸೆರಗಿನ ತುದಿಯನ್ನು ಮುಷ್ಟಿಯಿಂದ ಬಿಡಲಿಲ್ಲ.

ಸಮಾರೋಪ ಸಮಾರಂಭ ನಿಗದಿಯಂತೆ ನಡೆಯಿತು. ಪ್ರಣೀತ್ ವೇದಿಕೆಯ ಮೇಲೆ ನಿಂತು, ಊಟದ ಮನೆಯಲ್ಲಿ ನಡೆದದ್ದು ಸಮುದಾಯದ ಪ್ರೋತ್ಸಾಹಕ್ಕೆ ಸಿಕ್ಕ ಜಯ ಎಂದು ಘೋಷಿಸಿದ. ಎಲ್ಲರೂ ಕಣ್ಣೊರೆಸಿಕೊಂಡರು. ಲೋಬೋ ಮಾತ್ರ ಎದ್ದು ಹೊರಗೆ ಹೋದ. ಮುಂದಿನ ವರ್ಷದ ಸಮಾವೇಶ ಕಡಲತೀರದ ಯಾವುದೋ ರೆಸಾರ್ಟಿನಲ್ಲಂತೆ. ಅಲ್ಲಿ ವೈಫೈ ಚೆನ್ನಾಗಿದೆ ಮತ್ತು ಯಾರೂ ಏಳುವುದಿಲ್ಲ. ಕಲ್ಲಮ್ಮ ಪೈಪು ಹಿಡಿದು ನೇತಾಡುತ್ತಿದ್ದ ಫೋಟೋವನ್ನು ಪೋಸ್ಟರಿಗೆ ಹಾಕಿದರು. ಕೆಳಗೆ ನಿಂತಿದ್ದ ಕೆಂಚಮ್ಮನನ್ನು ಅದರಿಂದ ಕತ್ತರಿಸಿದ್ದರು. ಕಲ್ಲಮ್ಮ ತನ್ನ ಪ್ರೋಗ್ರಾಮಿನ ಬೈಗುಳವನ್ನು ಮೊದಲಿದ್ದಂತೆಯೇ ಮತ್ತೆ ಬರೆದಳು.

ಆ ವಾರದ ಕೊನೆಯಲ್ಲಿ ಅವರ ಬೀದಿಯ ಕಡೆ ಹೋಗಿದ್ದೆ. ಸುಡುಬಿಸಿಲ ಮಧ್ಯಾಹ್ನ. ಇಡೀ ಬೀದಿ ಗಾಳಿಗಾಗಿ ಬಾಗಿಲು ತೆರೆದು ಮಲಗಿತ್ತು. ಕೆಂಚಮ್ಮ ಮಾತ್ರ ತನ್ನ ಮನೆಯ ಕಿಟಕಿಗಳನ್ನು ಒಂದೊಂದಾಗಿ ಹಾಕುತ್ತಿದ್ದಳು. ಬೆಳಕಿಂಡಿಗೆ ಗೋಣಿತಾಟು ತುರುಕಿದಳು. ನಾನು ಮಾತಾಡಿಸಿದರೆ, "ಹೋಗಯ್ಯಾ ಗುಂಡಾ, ಬೀದಿಯಾಗೆ ನಿಂತು ಹಲ್ಲು ಕಿಸಿಯೋಕೆ ನಿಂಗೇನೂ ಕೆಲಸ ಇಲ್ವಾ" ಎಂದು ಮರ್ಯಾದೆಯಿಂದ ಉತ್ತರಿಸಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಅಗಳಿ ಹಾಕಿದಳು. ಒಳಗಿನಿಂದ ಕಲ್ಲಮ್ಮನ ದನಿ ಕೇಳಿಸಿತು: "ಯಾಕಮ್ಮಾ ಈ ಸೆಕೆಯಲ್ಲಿ ಎಲ್ಲಾ ಮುಚ್ತಿದೀಯ?"

ಕೆಂಚಮ್ಮ ಏನು ಹೇಳಿದಳೋ, ಗೋಡೆಯಾಚೆಗೆ ಕೇಳಿಸಲಿಲ್ಲ. ಬಹಳ ಹೊತ್ತು ಹೇಳುತ್ತಿದ್ದಳು. ಆಮೇಲೆ ಧಡ್ ಎಂದು ಅಟ್ಟದ ಹಲಗೆಗೆ ತಲೆ ಬಡಿದ ಸದ್ದಾಯಿತು. ಕಲ್ಲಮ್ಮ ಮೇಲಿನಿಂದಲೇ ತಾಯಿಗೆ ಏನೋ ಹೇಳಿದಳು, ಒಂದೇ ಮಾತು. ಮತ್ತೊಂದು ಧಡ್ ಎಂಬ ಸದ್ದು ಕೇಳಿಸಿತು.

ಅವರನ್ನು ಇಳಿಸಲು ಯಾರಾದರೂ ಹೋಗಬೇಕಿತ್ತು. ನಾನು ಹೋಗಲಿಲ್ಲ.